ಸಂಪಾದಕರ ಉತ್ತರ: ಐದು ಕಿಲೋಮೀಟರಿನ ವೃತ್ತ, ಹಳ್ಳದಾಚೆಯ ಮನೆ

ಮಾನ್ಯರೇ,

ಕೊಪ್ಪ ತಾಲ್ಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ಹಿರಿಯ ನಾಗರಿಕರ ಕುರಿತ ಕಳೆದ ಸಂಚಿಕೆಯ ಲೇಖನದೊಂದಿಗೆ ನಾವು ಅಚ್ಚು ಹಾಕಿದ ಚಿಕ್ಕಮಗಳೂರು ಜಿಲ್ಲೆಯ ನಕ್ಷೆಯಲ್ಲಿ ತಮ್ಮ ಊರು ಆರೋಗ್ಯ ಕೇಂದ್ರದ 5 ಕಿ.ಮೀ. ವೃತ್ತದೊಳಗೆ, ಹಸಿರು ಬಣ್ಣದಲ್ಲಿದೆ. ಆದರೆ 78 ವರ್ಷದ ತಮ್ಮ ತಾಯಿಯವರು ಬಿ.ಪಿ. ಮಾತ್ರೆಗಾಗಿ, ಮಳೆಗಾಲದಲ್ಲಿ ಹಳ್ಳ ದಾಟಲಾಗದೆ, 11 ಕಿ.ಮೀ. ಸುತ್ತಿ ಬಾಡಿಗೆ ಜೀಪಿನಲ್ಲಿ ಹೋಗುತ್ತಾರೆ. ‘ಇಂಥ ನಕ್ಷೆಯಿಂದ ವಯಸ್ಸಾದವರಿಗೆ ಏನು ಪ್ರಯೋಜನ?’ ಎಂದು ಕೇಳಿದ್ದೀರಿ.

ತಪ್ಪು ನಮ್ಮದೇ. ನಾವು ಎಳೆದ ವೃತ್ತ ಹಕ್ಕಿ ಹಾರುವ ದೂರವನ್ನು ಅಳೆದಿತ್ತು. ಕಡೂರಿನ ಬಯಲಿನಲ್ಲಿ ಆ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ. ಕೊಪ್ಪ, ಶೃಂಗೇರಿ, ಮೂಡಿಗೆರೆಗಳಲ್ಲಿ ಒಂದು ಏರು, ಒಂದು ಹಳ್ಳ ಅಡ್ಡ ಬಂದರೆ ಅದಕ್ಕೆ ಅರ್ಥವೇ ಉಳಿಯುವುದಿಲ್ಲ. ಆದರೆ ಇದಕ್ಕಾಗಿ ನಕ್ಷೆಯನ್ನೇ ಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಕ್ಯೂಜಿಐಎಸ್ ಎಂಬ ನಕ್ಷೆ ತಯಾರಿಸುವ ತಂತ್ರಾಂಶದಲ್ಲೇ ವೃತ್ತದ ಬದಲು ದಾರಿಯ ಉದ್ದವನ್ನು, ಏರು ಎಷ್ಟು ಕಡಿದು ಎಂಬುದನ್ನು, ವಯಸ್ಸಾದವರ ನಡಿಗೆಯ ವೇಗವನ್ನು ಲೆಕ್ಕಕ್ಕೆ ತರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಳುಗುವ ಕಾಲುಸಂಕಗಳನ್ನು ದಾರಿಯಿಂದ ತೆಗೆದುಹಾಕಿ ಮಳೆಗಾಲಕ್ಕೇ ಬೇರೆ ನಕ್ಷೆ ಮಾಡಬಹುದು.

ಕಷ್ಟವಿರುವುದು ಆ ದಾರಿಗಳನ್ನು ಹುಡುಕುವುದರಲ್ಲಿ. ಕಾಫಿ ತೋಟದ ನೆರಳಿನ ಮರಗಳ ಕೆಳಗೆ ಹೋಗುವ ಕಾಲುದಾರಿ ಉಪಗ್ರಹದ ಚಿತ್ರದಲ್ಲಿ ಕಾಣುವುದಿಲ್ಲ. ಆದ್ದರಿಂದ ಊರಿನವರೊಬ್ಬರು ಫೋನಿನಲ್ಲಿ ಜಿಪಿಎಸ್ ಹಾಕಿಕೊಂಡು ಅಜ್ಜಿಯ ಜೊತೆ ಅವರದೇ ಹೆಜ್ಜೆಯಲ್ಲಿ ನಡೆಯಬೇಕು. ಅವರು ಉಬ್ಬಸ ಬಂದು ಕುಳಿತ ಕಲ್ಲನ್ನು, ಕೋಲೂರಿ ನಿಂತ ತಿರುವನ್ನು ಗುರುತು ಮಾಡಿಕೊಳ್ಳಬೇಕು. ಅವರು ವಾರಕ್ಕೊಮ್ಮೆಯಾದರೂ ನಾಲ್ಕು ಜನರೊಡನೆ ಮಾತನಾಡುವ ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ದೇವಸ್ಥಾನದ ಕಟ್ಟೆಗಳೂ ಆ ನಕ್ಷೆಯಲ್ಲಿರಬೇಕು. ಮಾತ್ರೆ ಸಿಕ್ಕಿಯೂ ಮಾತಿಗೆ ಜನ ಸಿಗದವರನ್ನು ಕ್ಷೇಮವಾಗಿದ್ದಾರೆಂದು ಹೇಗೆ ಬರೆಯುವುದು?

ಇನ್ನೊಂದು ಸಂಗತಿ ಅಂಕಿಗಳದ್ದು. 2001ರಲ್ಲಿ 11,40,905 ಇದ್ದ ನಮ್ಮ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,37,961ಕ್ಕೆ ಇಳಿಯಿತು. ಆ ದಶಕದಲ್ಲಿ ರಾಜ್ಯದಲ್ಲಿ ಹೀಗೆ ಇಳಿದದ್ದು ಇದೊಂದೇ ಜಿಲ್ಲೆ. ದುಡಿಯುವ ವಯಸ್ಸಿನವರು ಊರು ಬಿಟ್ಟರೆ, ಹಿರಿಯರ ಸಂಖ್ಯೆ ಒಂದೂ ಹೆಚ್ಚದಿದ್ದರೂ ಅವರ ಪಾಲು ಏರುತ್ತದೆ. ಹಾಗಾಗಿ ನಕ್ಷೆಯಲ್ಲಿ ಸಂಖ್ಯೆ, ಪಾಲು ಎರಡನ್ನೂ ತೋರಿಸಬೇಕಿತ್ತು. ನಾವು ಪಾಲನ್ನು ಮಾತ್ರ ತೋರಿಸಿದೆವು. ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಗುಡ್ಡಗಾಡಿನಲ್ಲಿ 20,000 ಜನಕ್ಕೊಂದರಂತೆ ಕೊಡುವುದು ನಿಯಮ. ತಲೆ ಎಣಿಸುವ ಈ ನಿಯಮದಿಂದ, ಮನೆಗಳು ವಿರಳವಾದಷ್ಟೂ ಕೇಂದ್ರ ದೂರವಾಗುತ್ತದೆ. 2017-18ರಲ್ಲಿ 45 ದಾಟಿದವರು, ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದ, ದೇಶದಲ್ಲಿ ವಯಸ್ಸಾಗುತ್ತಿರುವವರ ಸ್ಥಿತಿಗತಿ ಕುರಿತ ‘ಲಾಸಿ’ ಸಮೀಕ್ಷೆ ರಾಜ್ಯದ ಮಟ್ಟಕ್ಕೆ ಉತ್ತರ ಕೊಡುತ್ತದೆಯೇ ಹೊರತು ತಮ್ಮ ಊರಿನ ಮಟ್ಟಕ್ಕಲ್ಲ.

ತಮ್ಮ ಒಂದು ಸಲಹೆಯನ್ನು ಮಾತ್ರ ಒಪ್ಪಲಾರೆ. ಒಬ್ಬರೇ ಇರುವ ಹಿರಿಯರ ಮನೆಗಳನ್ನು ಚುಕ್ಕೆಯಿಟ್ಟು ಪ್ರಕಟಿಸಿ ಎಂದಿದ್ದೀರಿ. ತೋಟದ ನಡುವಿನ ಒಂಟಿ ಮನೆಯ ಗುರುತು ಕಳ್ಳರ ಕೈಗೂ ಸಿಗುತ್ತದೆ. ಆ ಪಟ್ಟಿ ಆಶಾ ಕಾರ್ಯಕರ್ತೆಯ ಬಳಿ ಇರಲಿ. ಪತ್ರಿಕೆಯಲ್ಲಿ ಇಡೀ ಗ್ರಾಮದ ಬಣ್ಣ ಸಾಕು.

ತಿದ್ದಿದ ನಕ್ಷೆಯನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ. ತಮ್ಮ ಹಳ್ಳದ ಸಂಕ ಯಾವ ತಿಂಗಳಲ್ಲಿ ಮುಳುಗುತ್ತದೆ, ತಾಯಿಯವರು ಬೇಸಿಗೆಯಲ್ಲಿ ಎಲ್ಲೆಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಾರೆ ಎಂಬುದನ್ನು ಅವರನ್ನೇ ಕೇಳಿ ಬರೆದು ಕಳುಹಿಸಬೇಕೆಂದು ವಿನಂತಿ.

— ಸಂಪಾದಕ