ಉಟ್ಟ ಸೀರೆಯ ಅಂಗಡಿ: ಗಿರಾಕಿ ನೋಡಿ ಯಾಕೆ ಹೋಗಿಬಿಡುತ್ತಾರೆ?

ಪ್ರಶ್ನೆ: ನಮಸ್ಕಾರ ಮೇಡಂ. 7 ತಿಂಗಳ ಹಿಂದೆ ದಾವಣಗೆರೆಯಲ್ಲಿ ಉಟ್ಟ ಸೀರೆಗಳನ್ನು ಮಾರುವ ಅಂಗಡಿ ಇಟ್ಟೆ. ಪರಿಚಯದವರು ತಂದು ಕೊಡುತ್ತಾರೆ, ಮಾರಿದ ಮೇಲೆ ದುಡ್ಡು ಕೊಡುತ್ತೇನೆ. ಈಗ 250 ಸೀರೆ ಇವೆ. ಎಲ್ಲವನ್ನೂ ರ‍್ಯಾಕ್ ತುಂಬ ಜೋಡಿಸಿದ್ದೇನೆ. ಜನ ಬರುತ್ತಾರೆ, ಎರಡು ಮುಟ್ಟಿ ನೋಡುತ್ತಾರೆ, "ಇನ್ನೊಂದ್ಸಲ ಬರ್ತೀನಿ" ಅಂತ ಹೋಗುತ್ತಾರೆ. ಬೆಲೆ ಕೇಳುವವರೂ ಕಡಿಮೆ. ತಿಂಗಳಿಗೆ 15 ಸೀರೆ ಹೋದರೆ ಹೆಚ್ಚು. "ಸೆಕೆಂಡ್ ಹ್ಯಾಂಡ್ ಅಂತ ಬೋರ್ಡ್ ಹಾಕ್ಬೇಡ, ಮರ್ಯಾದೆ ಹೋಗುತ್ತೆ" ಅಂತ ಅತ್ತೆ ಹೇಳುತ್ತಾರೆ. ಬೆಲೆ ಇನ್ನೂ ಇಳಿಸಬೇಕಾ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಬೆಲೆ ಇಳಿಸಬೇಡಿ. ಕಾರಣ ನಿಮ್ಮ ಪತ್ರದಲ್ಲೇ ಇದೆ. ಬೆಲೆ ಜಾಸ್ತಿ ಅನಿಸಿದವರು ಚೌಕಾಸಿ ಮಾಡುತ್ತಾರೆ. ನಿಮ್ಮಲ್ಲಿಗೆ ಬಂದವರು ಬೆಲೆಯನ್ನೇ ಕೇಳುತ್ತಿಲ್ಲ. ಅಂದರೆ ಅವರ ಮನಸ್ಸಿನಲ್ಲಿ ಅನುಮಾನ ಇದೆ. ಇದನ್ನು ಯಾರು ಉಟ್ಟಿದ್ದರು? ಒಗೆದಿದ್ದಾರಾ? ಎಲ್ಲಾದರೂ ಹರಿದಿದೆಯಾ? ರೇಷ್ಮೆ ನಿಜವಾ? ಇದನ್ನೆಲ್ಲ ಬಾಯಿಬಿಟ್ಟು ಕೇಳಲು ಹೆಂಗಸರಿಗೆ ಸಂಕೋಚ. ಅವರು ಕೇಳುವ ಮೊದಲೇ ಉತ್ತರ ಕಣ್ಣಿಗೆ ಕಾಣಬೇಕು. ನಾನು ಮುಂದೆ ಹೇಳುವುದೆಲ್ಲ ಇದಕ್ಕಾಗಿಯೇ.

ಮೊದಲು ಸೀರೆ ಒಳಗೆ ತೆಗೆದುಕೊಳ್ಳುವ ಹೊತ್ತು. ಪರಿಚಯದವರು ತಂದರು ಅಂತ ಮಡಿಕೆ ಬಿಚ್ಚದೆ ಇಟ್ಟುಕೊಳ್ಳಬೇಡಿ. ಬಾಗಿಲ ಬಳಿ, ಹಗಲು ಬೆಳಕಿಗೆ ಎದುರಾಗಿ ಸೀರೆಯನ್ನು ಪೂರ್ತಿ ಹಿಡಿದು ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಹರಿಯುವುದು ಆ ಮಡಿಕೆಯ ಗೆರೆಯಲ್ಲೇ. ಮೇಜಿನ ಮೇಲೆ ಹಾಸಿದರೆ ಗೊತ್ತಾಗುವುದಿಲ್ಲ. ಬೆಳಕಿಗೆ ಹಿಡಿದರೆ ಗೆರೆಯುದ್ದಕ್ಕೂ ಸಣ್ಣ ಸಣ್ಣ ಬಿರುಕು ಕಾಣುತ್ತದೆ. ನನ್ನ ಅಂಗಡಿಯ ಶುರುವಿನ ವರ್ಷ ನಾನು ಇದನ್ನು ನೋಡದೆ ಒಂದು ಹಸಿರು ಸೀರೆ ಮಾರಿದ್ದೆ. ಕೊಂಡವರು ಮಗಳ ಮನೆಯ ಗೃಹಪ್ರವೇಶಕ್ಕೆ ಉಟ್ಟರು. ಊಟಕ್ಕೆ ಕೂರುವಾಗ ಸೆರಗು ಮೊಳದುದ್ದ ಹರಿಯಿತು. ದುಡ್ಡು ವಾಪಸ್ ಕೊಟ್ಟೆ, ಆದರೆ ಅವರು ಮತ್ತೆ ಅಂಗಡಿಗೆ ಬರಲಿಲ್ಲ. ಈಗಲೂ ಆ ವಿಷಯ ನೆನೆದರೆ ಬೇಜಾರಾಗುತ್ತದೆ.

ಕಂಕುಳ ಹತ್ತಿರ ಬರುವ ಜಾಗ, ಫಾಲ್ಸ್ ಹೊಲಿದ ಅಂಚು, ಪಿನ್ ಚುಚ್ಚುವ ಭುಜದ ಜಾಗ, ಈ ಮೂರನ್ನೂ ಬೆರಳಾಡಿಸಿ ನೋಡಿ. ಮೂಸಿಯೂ ನೋಡಿ. ನುಸಿಗುಳಿಗೆಯ ವಾಸನೆ ಅಂಗಡಿಯಲ್ಲಿ ಹರಡಿದರೆ ಹೊಸ್ತಿಲಲ್ಲೇ "ಹಳೇದು" ಅನಿಸಿಬಿಡುತ್ತದೆ. 2 ದಿನ ನೆರಳಲ್ಲಿ ಗಾಳಿಗೆ ಹಾಕಿ, ಆಮೇಲೆ ಡ್ರೈ ವಾಶ್, ಪಾಲಿಶ್. ಫಾಲ್ಸ್ ಹೊಸದು ಹಾಕಿಸಿ. ಕುಚ್ಚು ಬಿಚ್ಚಿಹೋಗಿದ್ದರೆ ಮತ್ತೆ ಕಟ್ಟಿಸಿ. ನನ್ನ ಅನುಭವದಲ್ಲಿ ಹೊಸ ಕುಚ್ಚಿನಷ್ಟು ಬೇಗ ಹಳೆ ಸೀರೆಯ ಮುಖ ಬದಲಿಸುವುದು ಬೇರೆ ಯಾವುದೂ ಇಲ್ಲ. ಈ ಖರ್ಚನ್ನು ಕೊಟ್ಟವರ ಪಾಲಿನಲ್ಲಿ ಹಿಡಿಯುತ್ತೀರಿ ಅಂತ ಮೊದಲೇ ಚೀಟಿಯಲ್ಲಿ ಬರೆದು, ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ.

ರೇಷ್ಮೆ ನಿಜವಾ ಅನ್ನುವುದು ದೊಡ್ಡ ಪ್ರಶ್ನೆ. ಅಪ್ಪಟ ರೇಷ್ಮೆ ಅಂತ ತೋರಿಸುವ ಚೀಟಿ, ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್, 2004ರಲ್ಲಿ ಬಂತು. ಆದರೆ ಉಟ್ಟ ಸೀರೆಯಲ್ಲಿ ಆ ಚೀಟಿ ಉಳಿದಿರುವುದು ಅಪರೂಪ. ಹಾಗಾಗಿ ಕೊಟ್ಟವರ ಎದುರಿಗೇ, ಅವರ ಒಪ್ಪಿಗೆ ಪಡೆದು, ಒಳತುದಿಯಿಂದ ನಾಲ್ಕು ಎಳೆ ಕಿತ್ತು ಸುಟ್ಟು ನೋಡಿ. ಅಡ್ಡ ಎಳೆಯನ್ನೂ ಉದ್ದ ಎಳೆಯನ್ನೂ ಬೇರೆಬೇರೆಯಾಗಿ ಸುಡಿ, ಒಂದರಲ್ಲಿ ಮಾತ್ರ ಬೆರಕೆ ಇರಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಇಳಕಲ್ ಸೀರೆ ಬಂದರೆ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಸೇರಿಸಿದ ಜಾಗವನ್ನು ನೋಡಿ. ಗಿರಾಕಿಗೂ ಅದನ್ನು ಮುಟ್ಟಿಸಿ ತೋರಿಸಿ, ಅದೇ ಆ ಸೀರೆಯ ಗುರುತು. ರೇಷ್ಮೆ ಸೀರೆ ನೇಯುವ ಮೊಳಕಾಲ್ಮೂರು ನಿಮಗೆ ದೂರದ ಊರೇನಲ್ಲ. ಒಮ್ಮೆ ಹೋಗಿ ಮಗ್ಗದ ಮನೆಯಲ್ಲಿ ಕೂತು ನೋಡಿ ಬನ್ನಿ, ಮಾರುವಾಗ ಮಾತು ತಾನಾಗಿ ಬರುತ್ತದೆ.

ಇನ್ನು ಪ್ರತಿ ಸೀರೆಗೂ ಒಂದು ಚೀಟಿ ಕಟ್ಟಿ. ಅದರಲ್ಲಿ ಏನು ಸೀರೆ, ಎಷ್ಟು ಸಲ ಉಟ್ಟದ್ದು, ಡ್ರೈ ವಾಶ್ ಆದ ತಿಂಗಳು, ಬ್ಲೌಸ್ ಪೀಸ್ ಇದೆಯೋ ಇಲ್ಲವೋ, ಬೆಲೆ. ಜೊತೆಗೆ "ಕೊರತೆ" ಅಂತ ಒಂದು ಸಾಲು. "ನೆರಿಗೆಯ ಒಳಗೆ ಕಡಲೆ ಗಾತ್ರದ ಕಲೆ, ಉಟ್ಟರೆ ಕಾಣುವುದಿಲ್ಲ" ಅಂತ ನೀವೇ ಬರೆದುಬಿಡಿ. ಆ ಸಾಲು ಓದಿದವರು ಉಳಿದ ಸೀರೆಗಳನ್ನೂ ನಂಬುತ್ತಾರೆ.

ಈಗ ಜೋಡಣೆ. 250 ಸೀರೆಯನ್ನೂ ಹೊರಗಿಟ್ಟರೆ ರಾಶಿ ಥರ ಕಾಣುತ್ತದೆ, ರಾಶಿಯಲ್ಲಿ ಯಾವುದೂ ಚೆನ್ನಾಗಿ ಕಾಣಲ್ಲ. 60 ಮಾತ್ರ ಹೊರಗಿಡಿ, ಉಳಿದವು ಒಳಗಿರಲಿ. ಒಂದು ಹೋದಂತೆ ಇನ್ನೊಂದು ಬರಲಿ. ಭಾರದ ರೇಷ್ಮೆಯನ್ನು ತಿಂಗಳುಗಟ್ಟಲೆ ಹ್ಯಾಂಗರಿಗೆ ನೇತುಹಾಕಬೇಡಿ, ಜೋತು ಹಾಳಾಗುತ್ತದೆ. ಮಡಚಿ ಇಡಿ, 15 ದಿನಕ್ಕೊಮ್ಮೆ ಮಡಿಕೆ ಬದಲಿಸಿ. ಬಾಗಿಲಲ್ಲಿ ಒಂದೇ ಬೊಂಬೆ ಸಾಕು, ಅದಕ್ಕೆ ವಾರಕ್ಕೊಂದು ಸೀರೆ ಉಡಿಸಿ. ನೇರ ಬಿಸಿಲು ಬೀಳದ ಕಡೆ ನಿಲ್ಲಿಸಿ, ಇಲ್ಲದಿದ್ದರೆ ಬಣ್ಣ ಹಾರುತ್ತದೆ. ನಿಲುವುಗನ್ನಡಿಯನ್ನು ಹಗಲು ಬೆಳಕು ಬೀಳುವ ಕಡೆ ಇಡಿ. ಟ್ಯೂಬ್‌ಲೈಟಿನಲ್ಲಿ ನೋಡಿದ ಬಣ್ಣ ಮನೆಗೆ ಹೋದಾಗ ಬೇರೆಯಾದರೆ ಸೀರೆ ವಾಪಸ್ ಬರುತ್ತದೆ.

ಒಂದು ಬೀರು ಮಾತ್ರ ಪೂರ್ತಿ ಬೇರೆ ಇರಲಿ. ಅದರಲ್ಲಿ ಮಡಿಕೆ ಬಿಚ್ಚದ ಸೀರೆಗಳು. ಮದುವೆಯಲ್ಲಿ ಉಡುಗೊರೆ ಬಂದು, ಯಾರೂ ಉಡದೆ ಹಾಗೇ ಉಳಿದ ಸೀರೆ ಎಷ್ಟು ಮನೆಗಳಲ್ಲಿಲ್ಲ! ಕೊಡುವವರ ಹತ್ತಿರ ಇವನ್ನೇ ಮೊದಲು ಕೇಳಿ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಕಲಶಕ್ಕೆ ಉಡಿಸಲು, ಗೌರಿ ಹಬ್ಬದ ಬಾಗಿನಕ್ಕೆ, ಮಡಿಲು ತುಂಬಲು ಹೊಸ ಸೀರೆಯೇ ಬೇಕು. ಉಟ್ಟದ್ದನ್ನು ಯಾರೂ ಅದಕ್ಕೆ ಬಳಸುವುದಿಲ್ಲ. ಅಪ್ಪಿತಪ್ಪಿಯೂ ಒಂದು ಉಟ್ಟ ಸೀರೆ ಆ ಬೀರುವಿಗೆ ಸೇರಬಾರದು. ಇದು ಅವರ ನಂಬಿಕೆಯ ವಿಷಯ, ನಾವು ಕಾಪಾಡಬೇಕು. ಇದೇ ಕಾರಣಕ್ಕೆ ಆಷಾಢವನ್ನು ಸೀರೆ ಒಳಗೆ ತೆಗೆದುಕೊಳ್ಳಲು, ಪಾಲಿಶ್ ಮಾಡಿಸಲು ಇಟ್ಟುಕೊಳ್ಳಿ. ಶ್ರಾವಣ ಬರುವ ಹೊತ್ತಿಗೆ ಬೀರು ತುಂಬಿರಲಿ.

ವಾರದ ದಿನಗಳನ್ನೂ ಗೊತ್ತುಮಾಡಿ. ಮಂಗಳವಾರ, ಶುಕ್ರವಾರ ಮನೆಯಿಂದ ಏನನ್ನೂ ಹೊರಗೆ ಕೊಡಬಾರದು ಅನ್ನುವವರು ನಮ್ಮಲ್ಲಿ ತುಂಬಾ ಜನ. ಹಾಗಾಗಿ ಬುಧವಾರ, ಗುರುವಾರ ಸೀರೆ ತೆಗೆದುಕೊಳ್ಳಿ. ತಯಾರಾದ ಸೀರೆಗಳನ್ನು ಶುಕ್ರವಾರ ಬೆಳಿಗ್ಗೆ ಹೊರಗಿಡಿ. "ಶುಕ್ರವಾರ ಹೊಸದು ಬರುತ್ತೆ" ಅಂತ ಊರಿಗೆ ಗೊತ್ತಾದರೆ ಸುಮ್ನೆ ನೋಡಲಾದರೂ ಜನ ಬರುತ್ತಾರೆ.

ವಾಟ್ಸ್ಯಾಪ್‌ನಲ್ಲಿ ಫೋಟೊಗಿಂತ 20 ಸೆಕೆಂಡಿನ ವಿಡಿಯೊ ಮೇಲು. ಸೆರಗು ಬಿಡಿಸಿ, ಅಂಚು ಹತ್ತಿರದಿಂದ ತೋರಿಸಿ, ಕೊರತೆ ಇದ್ದರೆ ಅದನ್ನೂ ತೋರಿಸಿ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಳಿಸಿದ ಸಂದೇಶ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಅದಕ್ಕೇ ಬಂದವರ ಕೈಯಲ್ಲಿ ಅಲ್ಲೇ ನಂಬರ್ ಸೇವ್ ಮಾಡಿಸಿ. ಯಾರಿಗೆ ಯಾವ ಬಣ್ಣ ಇಷ್ಟ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. "ಅಕ್ಕಾ, ನೀವು ಕೇಳಿದ್ದ ರಾಮಾ ಗ್ರೀನ್ ಬಂದಿದೆ" ಅಂತ ಒಂದು ಫೋನ್ ಮಾಡಿದರೆ ಸಾಕು, ನೂರು ಪಾಂಪ್ಲೆಟ್ ಹಂಚುವುದು ಬೇಡ. ನಿಮ್ಮೂರಿನಲ್ಲಿ ಕಾಲೇಜುಗಳೂ ಜಾಸ್ತಿ ಅಲ್ವಾ? ಎತ್ನಿಕ್ ಡೇ ಬಂದರೆ ಹುಡುಗಿಯರಿಗೆ ಒಂದು ದಿನಕ್ಕೆ ಸೀರೆ ಬೇಕು. ಅವರಿಗಾಗಿ 500ರಿಂದ 1,000 ರೂಪಾಯಿಯ ಹಗುರ ಸೀರೆಗಳನ್ನು ಕೈಗೆ ಸಿಗುವಂತೆ ಇಡಿ.

ತುಂಬಾ ದಿನ ಹೋಗದೆ ಉಳಿದ ಸೀರೆಗೆ ಮಾತ್ರ ಬೆಲೆ ಇಳಿಸಿ, ಅದಕ್ಕೂ ಒಂದು ಕ್ರಮ ಬೇಕು. ಪ್ರತಿ ತಿಂಗಳ ಸೀರೆಗಳ ಚೀಟಿಗೆ ಬೇರೆ ಬಣ್ಣದ ದಾರ ಕಟ್ಟಿ. 45 ದಿನ ದಾಟಿದರೆ ನೂರಕ್ಕೆ 20 ಕಡಿಮೆ. 90 ದಿನಕ್ಕೂ ಹೋಗದಿದ್ದರೆ ವಾಪಸ್ ಕೊಡಿ. ಈಗಿರುವ 250ರಲ್ಲಿ ಹರಿದದ್ದು, ತೀರಾ ಮಾಸಿದ್ದು ಇದ್ದರೆ ಈ ವಾರವೇ ತೆಗೆಯಿರಿ. ಕೊಟ್ಟವರಿಗೆ ಬೇಡವಾದರೆ ಕೌದಿ ಹೊಲಿಯುವವರಿಗೆ ಕೊಡಿ. ಕೌದಿಯನ್ನೇ ತಂದು ಅಂಗಡಿಯ ಒಂದು ಮೂಲೆಯಲ್ಲಿ ಮಾರಬಹುದು.

ಬೋರ್ಡಿನ ವಿಷಯ. ನಿಮ್ಮ ಅತ್ತೆಯವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಮುಚ್ಚಿಟ್ಟರೆ ಒಳಗೆ ಬಂದವರಿಗೆ ಮೋಸ ಅನಿಸುತ್ತದೆ. ಹಳೆ ಸೀರೆ ಕೊಟ್ಟು ಬೀದಿಯಲ್ಲಿ ಸ್ಟೀಲ್ ಪಾತ್ರೆ ತಗೊಂಡ ಮನೆಗಳೇ ನಮ್ಮವು. ಅಮ್ಮನ ಧಾರೆ ಸೀರೆಯನ್ನು ಮಗಳು ಹೆಮ್ಮೆಯಿಂದ ಉಡುತ್ತಾಳೆ. "ಆರಿಸಿದ, ಶುಚಿ ಮಾಡಿದ, ಉಟ್ಟ ಸೀರೆಗಳು" ಅಂತ ಅಚ್ಚ ಕನ್ನಡದಲ್ಲಿ ಬರೆಸಿ. ಸಾಧ್ಯವಾದರೆ ಅತ್ತೆಯವರನ್ನೇ ಅಂಗಡಿಯಲ್ಲಿ ಕೂರಿಸಿ. ಸೀರೆ ಮುಟ್ಟಿ ಹೇಳುವುದರಲ್ಲಿ ಆ ತಲೆಮಾರಿನವರನ್ನು ಮೀರಿಸುವವರಿಲ್ಲ.

ಪ್ರಶ್ನೆ: ಶಿವಮೊಗ್ಗದಲ್ಲಿ ಮಕ್ಕಳ ಬಳಸಿದ ಬಟ್ಟೆ, ಆಟಿಕೆ ಮಾರಬೇಕು ಅಂತಿದ್ದೇನೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಶಾಲಾ ಸಮವಸ್ತ್ರದಿಂದ. ಮಕ್ಕಳು ಬೇಗ ಬೆಳೆಯುತ್ತಾರೆ, ಅಂಗಿ ಹರಿಯುವ ಮೊದಲೇ ಗಿಡ್ಡ ಆಗುತ್ತದೆ. ಏಪ್ರಿಲ್‌ನಲ್ಲಿ ತೆಗೆದುಕೊಂಡು ಮೇ ಕೊನೆಯೊಳಗೆ ಮಾರಿ. ಶಾಲೆಯ ಹೆಸರು, ತರಗತಿ ಬರೆದು ಬೇರೆಬೇರೆ ಕಟ್ಟಿಡಿ. ಆಟಿಕೆಯಲ್ಲಿ ಬಟನ್ ಸೆಲ್‌ನ ಮುಚ್ಚಳ ಸಡಿಲವಿದ್ದರೆ ತೆಗೆದುಕೊಳ್ಳಲೇಬೇಡಿ, ಮಗು ನುಂಗಿದರೆ ಜೀವಕ್ಕೇ ಅಪಾಯ.

ಪ್ರಶ್ನೆ: ಹಳೆ ಸಾಮಾನು ಕೊಂಡು ಮಾರಿದರೂ ಪೂರ್ತಿ ಬೆಲೆಗೆ ಜಿಎಸ್‌ಟಿ ಕಟ್ಟಬೇಕಾ?

ಉತ್ತರ: ಸಾಮಾನು ಮಾತ್ರ ಮಾರುವ ಅಂಗಡಿಗೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿಯೇ ಬೇಕಿಲ್ಲ. ದಾಟಿದರೆ ಬಳಸಿದ ವಸ್ತುಗಳಿಗೆ ಮಾರ್ಜಿನ್ ಸ್ಕೀಮ್ ಇದೆ. 2,000ಕ್ಕೆ ಕೊಂಡು 3,000ಕ್ಕೆ ಮಾರಿದರೆ ನಡುವಿನ 1,000ಕ್ಕೆ ಮಾತ್ರ ತೆರಿಗೆ. ಆದರೆ ಕೊಂಡಿದ್ದಕ್ಕೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿರಬಾರದು, ಅಂದರೆ ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡಿರಬಾರದು. ಎಷ್ಟಕ್ಕೆ ಕೊಂಡಿರಿ ಅನ್ನುವುದಕ್ಕೆ ಕೊಟ್ಟವರ ಸಹಿ ಇರುವ ಚೀಟಿ ಬೇಕಾಗುತ್ತದೆ. ಈಗಿನಿಂದಲೇ ತಿಂಗಳವಾರು ಫೈಲ್ ಮಾಡಿಡಿ.