ಓದಿದರೆ ತಿಳಿಯುವ ಇಂಗ್ಲಿಷ್ ಕೇಳಿದರೆ ಯಾಕೆ ತಿಳಿಯುವುದಿಲ್ಲ?

ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಕೇಳಿದರೆ ತಲೆಬುಡ ಗೊತ್ತಾಗುವುದಿಲ್ಲ, ಉಚ್ಚಾರ ತಿದ್ದಿಕೊಂಡರೆ ಕಿವಿ ಸುಧಾರಿಸುತ್ತದಾ ಎಂದು ಕೇಳಿದ್ದೀರಿ. ಸುಧಾರಿಸುತ್ತದೆ. ಆದರೆ ಮೊದಲು, ಅರ್ಥವಾಗದ ಆಡಿಯೊದ ಮಾತನ್ನು ಬರಹದಲ್ಲಿ ಓದಿ ನೋಡ್ರಿ. ಓದಿದರೂ ತಿಳಿಯದಿದ್ದರೆ ಕೊರತೆ ಇರುವುದು ಪದಗಳದ್ದು, ಉಚ್ಚಾರ ತಿದ್ದಿ ಉಪಯೋಗವಿಲ್ಲ. 'ಅಯ್ಯ, ಇಷ್ಟೇ ಏನು' ಅನ್ನಿಸಿದರೆ ಮುಂದಿನದು ನಿಮಗಾಗಿ.

ಕಲಬುರಗಿಯವರು ಅಂದಿದ್ದೀರಿ, ಹಾಗಾಗಿ ಉದಾಹರಣೆ ಊರಲ್ಲೇ ಇದೆ. ಪುಸ್ತಕದಿಂದ ಕನ್ನಡ ಕಲಿತವನಿಗೆ 'ಏನು ಮಾಡುತ್ತಿದ್ದೀರಿ' ಗೊತ್ತು. ಸೂಪರ್ ಮಾರ್ಕೆಟ್‌ನಲ್ಲಿ ಯಾರಾದರೂ 'ಏನ್ ಮಾಡ್ಲತ್ತೀರಿ' ಅಂದರೆ ಕಣ್ಣು ಪಿಳಿಪಿಳಿ ಬಿಡುತ್ತಾನೆ. ಪದ ಗೊತ್ತಿದೆ, ತಲೆಯಲ್ಲಿ ಕೂತಿರುವ ಸದ್ದು ಬೇರೆ. ನಾವೂ ಇಂಗ್ಲಿಷನ್ನು ಸ್ಪೆಲ್ಲಿಂಗ್‌ನಿಂದ ಕಲಿತವರೇ. 'ಕಂಫರ್ಟೇಬಲ್' ಎಂದು ಹೇಳಿ ರೂಢಿಯಾದವರಿಗೆ 'ಕಂಫ್ಟಬಲ್' ಯಾವುದೋ ಹೊಸ ಪದದ ಹಾಗೆ ಕೇಳುತ್ತದೆ.

ನನ್ನ ಪ್ರಕಾರ ಹೆಚ್ಚು ಪೆಟ್ಟು ಕೊಡುವುದು ದೊಡ್ಡ ಪದಗಳಲ್ಲ, ಸಣ್ಣವು. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಭಾಗ ಉಬ್ಬುತ್ತದೆ, ಉಳಿದದ್ದು ಸೊರಗುತ್ತದೆ. ನಾವು 'ಐ ಕ್ಯಾನ್ ಗೋ' ಎಂದು ಮೂರನ್ನೂ ತುಂಬಿ ಹೇಳುತ್ತೇವೆ. ಅಮೆರಿಕದವರ ಬಾಯಲ್ಲಿ ಅದು 'ಐ ಕ್ನ್ ಗೋ'. ಅವರು ಗಟ್ಟಿಯಾಗಿ 'ಕ್ಯಾನ್' ಅಂದ ಹಾಗೆ ಕೇಳಿಸಿದರೆ ಅದು ಬಹಳ ಸಲ 'ಕ್ಯಾಂಟ್' ಆಗಿರುತ್ತದೆ, ಕೊನೆಯ ಟ್ ಗಂಟಲಲ್ಲೇ ಕಟ್ಟಿಹೋಗಿರುತ್ತದೆ. ಆ ಟ್‌ಗಾಗಿ ಕಾದು ಕೂತವರಿಗೆ ಅರ್ಥವೇ ತಲೆಕೆಳಗು. 'ವರ್ಕೆಡ್' ಎಂದು ಹೇಳುವವರಿಗೂ ಇದೇ ಗತಿ: ಎದುರಿನವರು 'ವರ್ಕ್ಟ್' ಅಂದದ್ದು 'ವರ್ಕ್' ಎಂದು ಕೇಳಿ, ಆಗಿಹೋದದ್ದು ಈಗಿನದಾಗುತ್ತದೆ.

ನಮ್ಮ ಕಡೆಯವರಿಗೆ ಒಂದು ಅನುಕೂಲವೂ ಇದೆ. ದಖನಿ ಉರ್ದು ಕಿವಿಗೆ ಬಿದ್ದು ಬೆಳೆದಿದ್ದರೆ 'ಜ಼ಮೀನ್' ಅನ್ನುವಾಗಿನ ಜ಼ ಹೊಸದಲ್ಲ. ಬೆಲೆಯ 'ಪ್ರೈಸ್', ಬಹುಮಾನದ 'ಪ್ರೈಜ಼್' ಬೇರೆ ಮಾಡಲು ಅದೇ ಜ಼ ಬೇಕು; ಎರಡನೆಯದರಲ್ಲಿ ಸ್ವರವೂ ತುಸು ಉದ್ದ.

ಅಭ್ಯಾಸಕ್ಕೆ 20–30 ಸೆಕೆಂಡಿನ ತುಣುಕು ಸಾಕು. ಬರಹ ನೋಡದೆ ಎರಡು ಸಲ ಕೇಳಿ, ಸಿಕ್ಕಷ್ಟು ಬರೆಯಿರಿ. ಆಮೇಲೆ ಬರಹದ ಜೊತೆ ತಾಳೆ ನೋಡಿ, ತಪ್ಪಿಹೋದ ಜಾಗಕ್ಕೆ ಗೆರೆ ಹಾಕಿ. ಅಲ್ಲಿ ಸದ್ದು ಸೊರಗಿದೆಯೋ, ಕೊನೆ ನುಂಗಿಹೋಗಿದೆಯೋ, ಎರಡು ಪದ ಅಂಟಿವೆಯೋ ಗುರುತಿಸಿ. 'ವಾಟ್ ಡು ಯು ವಾಂಟ್ ಟು ಡೂ' ಅನ್ನುವುದು 'ವಾಡಯ ವಾನ ಡೂ' ಆಗಿದ್ದರೆ ಹಾಗೆಯೇ, ಒಂದೇ ಉಸಿರಿಗೆ, ಹತ್ತು ಸಲ ಹೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮೂಲದ ಪಕ್ಕಕ್ಕಿಟ್ಟು ಕೇಳಿ. ಮರುದಿನ ಅದೇ ತುಣುಕು, ಬರಹವಿಲ್ಲದೆ. ವೇಗ 0.75ಕ್ಕೆ ಇಳಿಸುವುದು ಗುರುತಿಸಲು ಮಾತ್ರ. ನಿಧಾನಕ್ಕೇ ಕಿವಿ ಒಗ್ಗಿದರೆ ಕಷ್ಟ. ಸಬ್‌ಟೈಟಲ್ ಸದಾ ಹಾಕಿಕೊಂಡರೆ ನೀವು ಓದುತ್ತಿದ್ದೀರಿ, ಕೇಳುತ್ತಿಲ್ಲ.

ಅಮೆರಿಕದವರ ಹಾಗೆ ಮಾತಾಡಬೇಕೆಂದೇನಿಲ್ಲ. ಟ, ಡ ನಮ್ಮ ಹಾಗೇ ನಾಲಿಗೆ ಮಡಚಿ ಹೇಳಿದರೂ ಕೇಳಿಸಿಕೊಳ್ಳುವುದಕ್ಕೆ ದೊಡ್ಡ ಅಡ್ಡಿಯಿಲ್ಲ. ಒತ್ತು ಮತ್ತು ಸೊರಗಿದ ಸದ್ದುಗಳಿಗೆ ಸಮಯ ಕೊಡಿ. ವಿದೇಶಕ್ಕೆ ಹೋಗುವವರು ಕೊಡುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆಯುವವರಾದರೆ, ಅಲ್ಲಿ ಕೇಳುವ ಭಾಗದ 40 ಪ್ರಶ್ನೆಗೆ ಆಡಿಯೊ ಒಂದೇ ಸಲ. ಪರೀಕ್ಷೆ ಹತ್ತಿರ ಬಂದಾಗ ಹೊಸ ತುಣುಕುಗಳನ್ನೂ ಒಂದೇ ಸಲ ಕೇಳಿ ಬರೆಯುವ ರೂಢಿ ಮಾಡಿಕೊಳ್ರಿ.