ರೆಕಾರ್ಡ್ ರೂಮಿನ ಕಥೆ ಕಳಿಸಿದವರಿಗೆ

ಮಾನ್ಯರೇ,

ಹಾಸನದ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹನ್ನೊಂದು ವರ್ಷ ಯಾರ ಲೆಕ್ಕಕ್ಕೂ ಬಾರದೆ ದುಡಿದ ದ್ವಿತೀಯ ದರ್ಜೆ ಸಹಾಯಕಿಯೊಬ್ಬಳಿಗೆ ಕೊನೆಗೆ ಪ್ರಶಸ್ತಿಯೂ ಪ್ರೀತಿಯೂ ಒಟ್ಟಿಗೆ ಒದಗುವ ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೂ ಅದರ ಮೂರನೆಯ ಪುಟ ಈ ಪತ್ರ ಬರೆಸುತ್ತಿದೆ.

1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದಾಗ ಊರು ಕಳೆದುಕೊಂಡ ಕುಟುಂಬದ ಹಿರಿಯರೊಬ್ಬರು, ತಂದೆಯ ಹೆಸರಿಗೆ ಮಂಜೂರಾಗಿದ್ದ ಜಮೀನಿನ ಕಡತ ಕೇಳಿಕೊಂಡು ಆ ಪುಟದಲ್ಲಿ ಆರನೆಯ ಸಲ ಬರುತ್ತಾರೆ. ನಿಮ್ಮ ನಾಯಕಿ ಗೆದ್ದಲು ಹಿಡಿದ ಕಟ್ಟನ್ನು ಬಿಚ್ಚಿ, ಹಾಳೆ ಹರಿಯದಂತೆ ಅಂಗೈಯನ್ನು ಅಡಿಗೆ ಕೊಟ್ಟು ಒಂದೊಂದಾಗಿ ಮಗುಚುತ್ತ, ಹೆಬ್ಬೆಟ್ಟಿನ ಗುರುತು ಸಿಕ್ಕಾಗ ಮಾತಾಡದೆ ಕಡತವನ್ನು ಅವರ ಕಡೆಗೆ ತಿರುಗಿಸುತ್ತಾಳೆ. ಅವರು ತಂದೆಯ ಗುರುತಿನ ಪಕ್ಕದಲ್ಲಿ ತಮ್ಮ ಹೆಬ್ಬೆರಳಿಟ್ಟು ನೋಡಿ, ಆಮೇಲೆ ತಲೆಯೆತ್ತಿ ಅವಳ ಹೆಸರು ಕೇಳುತ್ತಾರೆ. ಹನ್ನೊಂದು ವರ್ಷದಲ್ಲಿ ಅವಳ ಹೆಸರು ಕೇಳಿದ ಮೊದಲನೆಯವರು ಅವರು! ಇದಕ್ಕೆ ನೀವು ಕೊಟ್ಟಿದ್ದು ನಾಲ್ಕು ಸಾಲು. ಪ್ರಶಸ್ತಿ ಸಮಾರಂಭದಲ್ಲಿ ಜಿಲ್ಲಾಧಿಕಾರಿಗಳು ಮಾಡುವ ಭಾಷಣಕ್ಕೆ ಎರಡು ಪುಟ. ಭಾಷಣವನ್ನು ತೆಗೆದುಬಿಡಿ, ಪ್ರಶಸ್ತಿಯೂ ಬೇಕೇ ಎಂದು ಯೋಚಿಸಿ.

ಪ್ರೀತಿಯ ಭಾಗ ಇನ್ನೂ ಕಚ್ಚಾ ಆಗಿದೆ. ಎದುರು ಮೇಜಿನಲ್ಲೇ ಕೂರುತ್ತಿದ್ದ ಸರ್ವೆಯರ್, ಅವಳು ಕನ್ನಡಕ ತೆಗೆದು ರೇಷ್ಮೆ ಸೀರೆಯುಟ್ಟು ವೇದಿಕೆ ಹತ್ತಿದ ದಿನವೇ ಮನಸೋಲುವುದನ್ನು ಓದಿ, ನಾನಂತೂ ಹುಡುಗಿಯ ಮನೆಯವರಂತೆ ಅವನನ್ನು ಅನುಮಾನಿಸಿದೆ. (ಕನ್ನಡಕವಿಲ್ಲದೆ ಅವಳು ವೇದಿಕೆಯ ಮೆಟ್ಟಿಲು ಹೇಗೆ ಕಂಡಳೋ!) ಹಿರಿಯರು ಬಂದ ದಿನ ಅದೇ ಜಮೀನಿನ ನಕ್ಷೆ ಹಿಡಿದು ಅವನು ಬಾಗಿಲಲ್ಲಿ ನಿಂತಿರಲಿ, ಕೆಲವು ದಿನಗಳ ನಂತರ ಹಳೆಯ ಕಡತವೊಂದನ್ನು ಮಗುಚುವಾಗ ಅವನೂ ಅವಳಂತೆಯೇ ಅಂಗೈಯನ್ನು ಹಾಳೆಯ ಅಡಿಗೆ ಕೊಡಲಿ, ಅದು ಅವಳ ಕಣ್ಣಿಗೆ ಬೀಳಲಿ. ನಿವೇದನೆಯ ಸಂಭಾಷಣೆ ಬೇಕಾಗುವುದಿಲ್ಲ.

ಎರಡು ತಪ್ಪುಗಳನ್ನು ತಿದ್ದಲೇಬೇಕು. ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಕಾಲದ ಕಥೆಯಲ್ಲಿ ಕೈಬರಹದ ಪಹಣಿ ಕೊಡಿಸಿದ್ದೀರಿ. ಭೂಮಿ ಯೋಜನೆ ಬಂದ ಮೇಲೆ ಪಹಣಿ ಕಂಪ್ಯೂಟರಿನಿಂದಲೇ ಬರುತ್ತದೆ. ಇಬ್ಬರನ್ನೂ ತುಂಬು ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಪಾಳು ಚರ್ಚಿನೊಳಗೆ ನಡೆದಾಡಿಸಿದ್ದೀರಿ. ಆ ಹೊತ್ತಿಗೆ ಅದು ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುತ್ತದೆ. ದೃಶ್ಯ ಬೇಕಿದ್ದರೆ ಬೇಸಿಗೆಗೆ ಸರಿಸಿ.

ಹೀಗೆ ತಿದ್ದಿ ಕಳಿಸಿದರೆ ಮತ್ತೊಮ್ಮೆ ಓದುತ್ತೇನೆ.

ವಿಶ್ವಾಸಪೂರ್ವಕವಾಗಿ,
ಸಂಪಾದಕ